ಕರೆದಿಟ್ಟ ಕಾಯಿ

ಪಂದ್ಯ ಕಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ನಾನು ಕೆಲಸ ಮಾಡುವುದು ಮಣಿಪಾಲದ ಒಂದು ಔಷಧಿ ಅಂಗಡಿಯಲ್ಲಿ. ಕ್ರಿಕೆಟ್ ಶುರುವಾಯಿತೆಂದರೆ ಅಲ್ಲಿನ ಹುಡುಗರು ಕೌಂಟರಿನ ಕೆಳಗೆ ಮೊಬೈಲ್ ಇಟ್ಟುಕೊಂಡು ಮುಂದಿನ ಓವರಿಗೆ ಎಷ್ಟು ರನ್ ಎಂದು ಹಣ ಹಾಕುತ್ತಾರೆ. ನಡುವೆ ಯಾರಾದರೂ ಬಂದು ಕೆಮ್ಮಿನ ಸಿರಪ್ ಕೇಳಿದರೆ ಅವರ ಮುಖ ನೋಡಬೇಕು. "ಅಕ್ಕ, ನೀವೂ ಒಮ್ಮೆ ಹಾಕಿ ನೋಡಿ" ಎಂದು ನನ್ನನ್ನೂ ಕರೆಯುತ್ತಾರೆ. ನಾನು ಸರಿಯಾಗಿ ಬೈದು ಕಳಿಸುತ್ತೇನೆ. ಅಂಥ ನಾನು ಜೀವನದಲ್ಲಿ ಒಂದೇ ಒಂದು ಪಂದ್ಯ ಕಟ್ಟಿದೆ. ಅದು ಹಣದ್ದಲ್ಲ, ಒಂದು ತೆಂಗಿನ ಮರದ್ದು.

ಎರ್ಮಾಳಿನ ನನ್ನ ತವರುಮನೆಯ ಅಂಗಳದ ಅಂಚಿನಲ್ಲಿ, ಅಪ್ಪನನ್ನು ಸುಟ್ಟ ಜಾಗದಲ್ಲಿ, ಆ ಮರ ಇದೆ. ಚಿತೆ ಆರಿದ ಮೇಲೆ ಅಲ್ಲೊಂದು ತೆಂಗಿನ ಸಸಿ ನೆಡುವುದು ನಮ್ಮ ಕ್ರಮ. ನೆಟ್ಟವನು ತಮ್ಮ. ಚಿತೆಗೆ ಬೆಂಕಿ ಕೊಟ್ಟವನೂ ಅವನೇ. ಸಸಿ ಬೇಗ ಮರವಾಯಿತು, ಬೇಗ ಫಲ ಕೊಟ್ಟಿತು. ಅದರ ಕಾಯಿಯನ್ನು ಅಮ್ಮ ಮಾರುವುದಿಲ್ಲ, ದೇವರಿಗೂ ಒಡೆಯುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಬಡಿಸುವ ದಿನ ಮಾತ್ರ ಅಪ್ಪನ ಎಲೆಯ ಪದಾರ್ಥಕ್ಕೆ ಆ ಮರದ ಕಾಯಿಯನ್ನೇ ಅರೆಯುತ್ತಾರೆ.

ಮರದ ತೊಂದರೆ ಇಷ್ಟೇ. ತಮ್ಮ ಮೀನಿನ ವ್ಯಾಪಾರಕ್ಕೆ ಪಿಕಪ್ ಗಾಡಿ ತೆಗೆದುಕೊಂಡ. ಗಾಡಿ ತಿರುಗಿಸಲು ಸರಿಯಾಗಿ ಯಾವ ಜಾಗ ಬೇಕೋ ಅಲ್ಲಿಯೇ ಅಪ್ಪ ನಿಂತಿದ್ದಾರೆ. ಒಂದು ಕಾಯಿ ಬಿದ್ದು ಮುಂದಿನ ಗಾಜೂ ಒಡೆದಿತ್ತು. ಕಳೆದ ಆಟಿಯಲ್ಲಿ ಎಲೆ ಬಡಿಸುವ ದಿನವೆಂದು ನಾನು ಗಂಡನ ಮನೆಯಿರುವ ಉದ್ಯಾವರದಿಂದ ಬಸ್ಸು ಹತ್ತಿ ಬಂದರೆ, ಚಹಾದ ಲೋಟ ಕೈಗೆ ಬರುವ ಮೊದಲೇ ತಮ್ಮ ಹೇಳಿದ: "ಅಕ್ಕ, ನಾಳೆ ಮರ ಕಡಿಯಲಿಕ್ಕೆ ಜನ ಬರ್ತದೆ. ನೀನು ಗಲಾಟೆ ಮಾಡ್ಬೇಡ."

ನಾನು ಗಲಾಟೆ ಮಾಡಿದೆ. ಗಲಾಟೆ ಮಾಡದೆ ಇರಲು ನನಗೆ ಬರುವುದೂ ಇಲ್ಲ. ಇವತ್ತು ಎಲೆ ಹಾಕಿ ಉಣ್ಣಲು ಕರೆಯುವುದು, ನಾಳೆ ಬುಡಕ್ಕೆ ಗರಗಸ ಇಡುವುದು, ಇದು ಯಾವ ನ್ಯಾಯ ಎಂದು ಕೇಳಿದೆ.

"ನಿನಗೆ ಎಂತ? ವರ್ಷಕ್ಕೊಮ್ಮೆ ಬಂದು ಮರ ನೋಡಿ ಕಣ್ಣೀರು ಹಾಕಿ ಹೋಗ್ತಿ" ಎಂದ ಅವನು. "ದಿನಾ ಅಪ್ಪನಿಗೆ ಸುತ್ತು ಬಂದು ಗಾಡಿ ತಿರುಗಿಸುವುದು ನಾನು."

ಅಮ್ಮನ ಕಡೆ ನೋಡಿದೆ. ಅಮ್ಮ ಮೀನಿನ ಪಾತ್ರೆಯಿಂದ ತಲೆ ಎತ್ತಲಿಲ್ಲ. "ನೀವಿಬ್ಬರೇ ಮಾತಾಡಿ ಮುಗಿಸಿ. ನನ್ನನ್ನು ನಡುವೆ ತರ್ಬೇಡಿ" ಎಂದು ಹೇಳಿ ಸ್ನಾನಕ್ಕೆ ಎದ್ದುಹೋದರು.

ಆ ದಿನ ಭಾನುವಾರ. ಕಾಪುವಿನ ಒಂದು ಯುವಕರ ಸಂಘದವರು ಹಾಲ್ ಒಂದರಲ್ಲಿ ಆಟಿಯ ಆಟಗಳನ್ನು ಇಟ್ಟಿದ್ದರು. ಅದರಲ್ಲಿ ತೆಂಗಿನಕಾಯಿ ಕುಟ್ಟುವ ಆಟವೂ ಇತ್ತು. ನೋಡದವರಿಗಾಗಿ ಹೇಳುತ್ತೇನೆ. ಸಿಪ್ಪೆ ಸುಲಿದು ಜುಟ್ಟು ಮಾತ್ರ ಬಿಟ್ಟ ಕಾಯಿ ಬೇಕು. ಒಬ್ಬರು ತಮ್ಮ ಕಾಯಿಯ ಜುಟ್ಟು ಅಂಗೈಯೊಳಗೆ ಬರುವಂತೆ ಬಿಗಿಯಾಗಿ ಹಿಡಿದು ಚೂಪು ತುದಿಯನ್ನು ಮೇಲೆ ಮಾಡುತ್ತಾರೆ. ಇನ್ನೊಬ್ಬರು ತಮ್ಮ ಕಾಯಿಯಿಂದ ಅದರ ಮೇಲೆ ಹೊಡೆಯುತ್ತಾರೆ. ಆಮೇಲೆ ಹಿಡಿಯುವ ಸರದಿ ಇವರದು, ಹೊಡೆಯುವ ಸರದಿ ಅವರದು. ಯಾರ ಕಾಯಿ ಒಡೆಯಿತೋ ಅವರು ಸೋತರು. ಒಡೆದ ಕಾಯಿ ಗೆದ್ದವರಿಗೆ. ಜುಟ್ಟಿನ ಕಡೆ ಕಾಯಿಯ ಮೂರು ಕಣ್ಣುಗಳಿರುವುದರಿಂದ ಅಲ್ಲಿ ಚಿಪ್ಪು ಮೆತ್ತಗೆ. ಆ ಕಡೆಯನ್ನು ಯಾರೂ ಮೇಲೆ ಮಾಡುವುದಿಲ್ಲ.

ಅಪ್ಪ ಈ ಆಟದಲ್ಲಿ ಊರಿಗೇ ಹೆಸರಾದವರು. ಎಡಗೈಯವರಾದ್ದರಿಂದ ಅವರ ಹೊಡೆತ ಎಲ್ಲಿಂದ ಬರುತ್ತದೆಂದು ಎದುರಿನವರಿಗೆ ತಿಳಿಯುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಅಮ್ಮ ಅವರ ನೀರಿನ ಲೋಟವನ್ನೂ ಎಡಕ್ಕೇ ಇಡುತ್ತಿದ್ದರು. ತಮ್ಮ ಅವರಿಂದ ಆಟ ಕಲಿತಿದ್ದ, ಪ್ರತಿ ವರ್ಷ ಆಡುತ್ತಿದ್ದ. ನಾನು ಒಮ್ಮೆಯೂ ಆಡಿರಲಿಲ್ಲ. ಹೆಣ್ಣುಮಕ್ಕಳ ಕೈ ಮೆತ್ತಗೆ ಎಂದು ಅಪ್ಪ ನನಗೆ ಕಾಯಿ ಮುಟ್ಟಲೂ ಬಿಡುತ್ತಿರಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಜಗಳ ಎಲ್ಲಿಗೂ ಮುಟ್ಟದಾಗ ತಮ್ಮ ನಕ್ಕು ಹೇಳಿದ: "ಒಂದು ಕೆಲಸ ಮಾಡುವ. ಈಗ ಹೆಂಗಸರಿಗೂ ಆಡಲಿಕ್ಕುಂಟು. ನೀನೂ ಒಂದು ಕಾಯಿ ತಾ. ನನ್ನ ಕಾಯಿ ನೀನು ಒಡೆದರೆ ಮರ ಇರಲಿ. ನಿನ್ನದು ಒಡೆದರೆ ನಾಳೆ ನೀನು ಬಾಯಿ ಬಿಡ್ಲಿಕ್ಕಿಲ್ಲ."

"ಆಯ್ತು" ಎಂದೆ. ಅವನು ತಮಾಷೆಗೆ ಹೇಳಿದ್ದ. ನಾನು ಒಪ್ಪಿದ್ದು ತಮಾಷೆಗಲ್ಲ. ಆ ಮಾತು ಬಾಯಿಂದ ಹೊರಟಾಗಲೇ ನಾನು ಗೆದ್ದಾಯಿತು ಅನಿಸಿತು. ನಮ್ಮ ಅಂಗಡಿಯ ಹುಡುಗರಿಗೆ ಪ್ರತಿ ಓವರಿಗೂ ಹೀಗೇ ಆಗುತ್ತದೋ ಏನೋ.

ಕಾಯಿ ಆರಿಸಲು ಹಿತ್ತಲಿನ ರಾಶಿಯ ಹತ್ತಿರ ಕುಳಿತೆ. ಅಪ್ಪ ಕಾಯಿಯನ್ನು ಕಿವಿಯ ಬಳಿ ಹಿಡಿದು ಉಗುರಿನಿಂದ ತಟ್ಟಿ ನೋಡುತ್ತಿದ್ದರು. ನಾನೂ ತಟ್ಟಿದೆ. ಎಲ್ಲವೂ ಸತ್ತ ಸದ್ದು. ಬೇಸರವಾಗಿ ನೀರು ಕುಡಿಯಲು ಅಡುಗೆಮನೆಗೆ ಬಂದರೆ, ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಸುಲಿದ ಕಾಯಿ ಒಂದಿತ್ತು. ಚಿಕ್ಕದು, ಕಪ್ಪು, ತುದಿ ಚೂಪು. ತಟ್ಟಿದೆ. ಅದರ ಸದ್ದು ಬಹಳ ಹೊತ್ತು ಇತ್ತು. ಯಾರೋ ಕರೆದ ಹಾಗೆ ಅನಿಸಿ ನಾನು ಬಾಗಿಲ ಕಡೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಅಮ್ಮ ಇನ್ನೂ ಬಚ್ಚಲಿನಲ್ಲಿದ್ದರು. ಕಾಯಿಯನ್ನು ಬ್ಯಾಗಿಗೆ ಹಾಕಿಕೊಂಡು ತಮ್ಮನ ಗಾಡಿ ಹತ್ತಿದೆ.

ಹಾಲ್ ತುಂಬ ಜನ ಇದ್ದರು. ಪತ್ರೊಡೆಯ ವಾಸನೆ, ಮೈಕಿನ ಕಿರಿಚಾಟ. ಆಟದ ತೀರ್ಪುಗಾರರು ಅಪ್ಪನ ಜೊತೆ ಒಂದೇ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದ ಹಿರಿಯರು. ನನ್ನನ್ನು ನೋಡಿ, "ಓ, ಮದ್ದಿನ ಅಂಗಡಿಯವಳು. ಕೈಗೆ ಪೆಟ್ಟಾದರೆ ನೀನೇ ಮದ್ದು ಕೊಡು ಮಗಾ" ಎಂದು ಚುಡಾಯಿಸಿದರು. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎಂಬುದು ಅಲ್ಲಿನ ನಿಯಮ. ತಮ್ಮ ಒಂದು ತುದಿಯಿಂದ ಶುರು ಮಾಡಿದ, ನಾನು ಇನ್ನೊಂದು ತುದಿಯಿಂದ. ನಾನು ಮೊದಲ ಸುತ್ತಿನಲ್ಲೇ ಹೋಗುತ್ತೇನೆಂದು ಅವನು ನಿಶ್ಚಿಂತೆಯಿಂದಿದ್ದ. ನಾನು ಅವನವರೆಗೆ ತಲುಪದೆ ಸೋತರೂ ಪಂದ್ಯ ಅವನದೇ ಎಂದು ದಾರಿಯಲ್ಲೇ ಒಪ್ಪಿಸಿದ್ದ.

ನನ್ನ ಎದುರು ಮೊದಲು ನಿಂತವನು ಕಾರ್ಕಳದ ಕಡೆಯವನು. ಅಲ್ಲಿನ ಕಲ್ಲುಮಣ್ಣಿನ ಕಾಯಿ ಗಟ್ಟಿ ಎಂದು ಪ್ರತೀತಿ. ಅವನ ಹೊಡೆತಕ್ಕೆ ನನ್ನ ಮೊಣಕೈಯವರೆಗೆ ಜುಮ್ಮೆಂದಿತು, ಕಾಯಿಗೆ ಏನೂ ಆಗಲಿಲ್ಲ. ನನ್ನ ಸರದಿ ಬಂದಾಗ ಹೇಗೆ ಹೊಡೆದೆನೋ ತಿಳಿಯದು. ಅವನ ಕಾಯಿ ಎರಡು ಹೋಳಾಗಿ, ನೀರು ಅವನ ಅಂಗಿಯ ಮೇಲೆಲ್ಲ ಚೆಲ್ಲಿತು. ಜನ ಚಪ್ಪಾಳೆ ತಟ್ಟಿದರು. ಎರಡನೆಯವನದೂ ಹಾಗೇ ಹೋಯಿತು. ಮತ್ತೊಬ್ಬಳು ಕಟ್ಟುಮಸ್ತಾದ ಹುಡುಗಿ, ಅವಳದೂ ಹೋಯಿತು. ಆಮೇಲಾಮೇಲೆ ಚಪ್ಪಾಳೆ ಕಡಿಮೆಯಾಯಿತು. ನನ್ನ ಕಾಯಿ ತಗಲಿದಾಗ ಬರುವ ಸದ್ದು ಬೇರೆ ಕಾಯಿಗಳ ಸದ್ದಿನ ಹಾಗಿರಲಿಲ್ಲ. ಮುಚ್ಚಿದ ಬಾಗಿಲನ್ನು ಯಾರೋ ಹೊರಗಿನಿಂದ ಬಡಿದ ಹಾಗಿತ್ತು. ಮುಂದಿನ ಸರದಿಯವನು ನನ್ನ ಕಾಯಿಯನ್ನು ನೋಡಿ, "ನನಗೆ ಬೇಡ ಮಾರಾಯ್ರೆ, ಕೈ ನೋಯ್ತದೆ" ಎಂದು ನೆವ ಹೇಳಿ ಹಿಂದೆ ಸರಿದ.

ಕೊನೆಗೆ ಉಳಿದದ್ದು ನಾವಿಬ್ಬರೇ.

ತಮ್ಮನ ಮುಖದಲ್ಲಿ ನಗು ಇರಲಿಲ್ಲ. ಮೊದಲು ಅವನು ಹೊಡೆದ. ನನ್ನ ಕಾಯಿ ಒಡೆಯಲಿಲ್ಲ. ನಾನು ಹೊಡೆದೆ. ಅವನದೂ ಒಡೆಯಲಿಲ್ಲ. ಹೀಗೇ ಎಷ್ಟೋ ಹೊತ್ತು ನಡೆಯಿತು. ಮೈಕಿನವನೂ ಮಾತು ನಿಲ್ಲಿಸಿದ್ದ. ನನಗೆ ಎದುರಿನ ಅವನ ಕೈ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮರ ಉಳಿಯಬೇಕು, ಅಷ್ಟೇ ತಲೆಯಲ್ಲಿತ್ತು. ಕೊನೆಯ ಬಾರಿ ಹೊಡೆಯಲು ಕೈ ಎತ್ತಿದಾಗ ಅವನ ಅಂಗೈಯಲ್ಲಿದ್ದ ಕಾಯಿಯ ಜುಟ್ಟು ಮೇಲಾಗಿದ್ದುದನ್ನು ಕಂಡೆ. ಕೈ ತಡೆಯಬೇಕೆಂದುಕೊಂಡೆ. ಅದು ನಿಲ್ಲಲಿಲ್ಲ. ಅವನ ಕಾಯಿ ಕಣ್ಣುಗಳ ಬಳಿ ಸೀಳಿ ಒಡೆದುಹೋಯಿತು.

ಯಾರೂ ಕೂಗಲಿಲ್ಲ. ಹಿರಿಯರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಎಡಗೈ ಯಾವಾಗ ಕಲಿತದ್ದು ಮಗಾ?"

ನೋಡಿಕೊಂಡೆ. ಕಾಯಿ ನನ್ನ ಎಡಗೈಯಲ್ಲಿತ್ತು. ಎಡ ಭುಜ ಸೆಳೆಯುತ್ತಿತ್ತು. ಬಲಗೈಗೆ ಆಯಾಸವೇ ಆಗಿರಲಿಲ್ಲ. ನಾನು ಎಡಗೈಯಲ್ಲಿ ಬಾಚಣಿಗೆ ಹಿಡಿದವಳೂ ಅಲ್ಲ.

"ಶುರುವಿನಿಂದಲೂ ಎಡಗೈಯಲ್ಲೇ ಹೊಡೆದದ್ದು ನೀನು" ಎಂದರು ಅವರು. "ನನಗೆ ಕಣ್ಣೆತ್ತಿ ನೋಡ್ಲಿಕ್ಕಾಗಲಿಲ್ಲ." ಗೆದ್ದವರಿಗೆಂದು ಇಟ್ಟಿದ್ದ ಬಾಳೆಗೊನೆಯನ್ನು ನಮ್ಮ ಗಾಡಿಗೆ ಬೇರೆ ಯಾರೋ ತಂದಿಟ್ಟರು. ಹಿರಿಯರು ಕಾಣಲಿಲ್ಲ.

ಗಾಡಿಯಲ್ಲಿ ನಾನು ಕೇಳಿದೆ: "ಕಾಯಿಯನ್ನು ಉಲ್ಟಾ ಯಾಕೆ ಹಿಡಿದೆ? ನನಗೆ ಬಿಟ್ಟುಕೊಟ್ಟದ್ದಾ?"

"ನಾನು ತಿರುಗಿಸಲಿಲ್ಲ ಅಕ್ಕ" ಎಂದ. ಸ್ವಲ್ಪ ದೂರ ಹೋದ ಮೇಲೆ, "ಕೈಯೊಳಗೆ ಅದೇ ತಿರುಗಿತು" ಎಂದ.

ಹೆದ್ದಾರಿಯಲ್ಲಿ ಅವನಿಗೆ ಫೋನ್ ಬಂತು, ಮರ ಕಡಿಯುವವನದು. ತಮ್ಮ ನನ್ನ ಕಡೆ ಓರೆಗಣ್ಣಲ್ಲಿ ನೋಡಿ, "ನಾಳೆ ಬೇಡ ಮಾರಾಯ. ಅಷ್ಟಮಿ ಕಳೀಲಿ, ಆಮೇಲೆ ನೋಡುವ" ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವನಿಗೆ ಹುಟ್ಟುಗುಣ.

"ಪಂದ್ಯ ಅಂದರೆ ಪಂದ್ಯ" ಎಂದು ನಾನು ಕಿರುಚಿದೆ. "ಸೋತದ್ದು ನೀನು."

"ಒಂದು ಆಟ ಅಕ್ಕ ಅದು. ಮಕ್ಕಳ ಹಾಗೆ ಮಾಡ್ಬೇಡ. ಗಾಡಿ ತಿರುಗಿಸುವವ ನಾನಲ್ವಾ?"

ನಾನು ಕಿಟಕಿಯ ಕಡೆ ತಿರುಗಿದೆ. ತೊಡೆಯ ಮೇಲಿನ ಬ್ಯಾಗಿನಲ್ಲಿ ಕಾಯಿ ಬೆಚ್ಚಗಿತ್ತು. ಅಷ್ಟು ಹೊಡೆತ ತಿಂದರೆ ಯಾವ ಕಾಯಿಯೂ ಬಿಸಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಉದ್ಯಾವರದಲ್ಲೇ ಇಳಿದು ನನ್ನ ಮನೆಗೆ ಹೋಗಿಬಿಡುವ ಅನಿಸಿತು, ಆದರೆ ಕಾಪುವಿನಿಂದ ಎರ್ಮಾಳಿಗೆ ಹೋಗುವ ದಾರಿಯಲ್ಲಿ ಉದ್ಯಾವರ ಎಲ್ಲಿ ಸಿಗಬೇಕು. ಅದು ಹಿಂದೆ ಉಳಿದ ಊರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಕೋಳಿ ಬೆಂದಾಗಿತ್ತು, ಬಾಳೆಲೆ ತೊಳೆದಾಗಿತ್ತು, ದೀಪ ಹಚ್ಚಿಯಾಗಿತ್ತು. ಮಸಾಲೆ ಮಾತ್ರ ಅರೆದಿರಲಿಲ್ಲ.

"ಅಕ್ಕಿ ಡಬ್ಬಿಯ ಮೇಲಿನ ಕಾಯಿ ಯಾರು ತೆಗೆದದ್ದು?"

ನಾನು ಬ್ಯಾಗಿನಿಂದ ತೆಗೆದು ತೋರಿಸಿದೆ. ಅಮ್ಮ ಅದನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿ ಕುಳಿತುಕೊಂಡರು.

"ಅದು ಅವರ ಮರದ್ದು" ಎಂದರು. "ಬೆಳಿಗ್ಗೆ ಅದನ್ನೇ ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತು ಕರೆದಾಗಿತ್ತು, ಇವತ್ತು ಸಂಜೆ ಉಣ್ಲಿಕ್ಕೆ ಬನ್ನಿ ಅಂತ. ಕರೆದಿಟ್ಟ ಕಾಯಿ ಅದು. ನೀನು ಅದನ್ನು ಮನೆಯಿಂದ ಹೊರಗೆ ಕೊಂಡುಹೋದೆ."

ಬೆಳಿಗ್ಗೆ ಹೀಗೆ ಕರೆದು ಕಾಯಿ ಇಡುವಾಗ ನಾನು ಯಾವ ವರ್ಷವೂ ಮನೆಯಲ್ಲಿರುತ್ತಿರಲಿಲ್ಲ. ಸಂಜೆಯ ಊಟಕ್ಕೆ ಬಂದು ಹೋಗುವವಳು ನಾನು. ನನಗೆ ಆ ಕಾಯಿಯ ವಿಷಯ ಗೊತ್ತಿರಲಿಲ್ಲ. ಅಮ್ಮ ಅಪ್ಪನನ್ನು ಊಟಕ್ಕೆ ಕರೆದರು, ನಾನು ಅವರನ್ನು ಬ್ಯಾಗಿಗೆ ಹಾಕಿಕೊಂಡು ಆಟಕ್ಕೆ ಹೋದೆ.

"ಸರಿ, ಆದದ್ದು ಆಯ್ತು. ಈಗ ಒಡೆದು ಅರೆಯುವ" ಎಂದು ತಮ್ಮ ಕಾಯಿಯನ್ನು ತೆಗೆದುಕೊಂಡ. ಕತ್ತಿಯ ಬೆನ್ನಿನಿಂದ ಹೊಡೆದ. ಒಡೆಯಲಿಲ್ಲ. ಮೆಟ್ಟಿಲ ಕಲ್ಲಿಗೆ ಕುಟ್ಟಿದ. ಕಲ್ಲಿನಿಂದ ಚೂರು ಎದ್ದಿತು, ಕಾಯಿ ಹಾಗೇ ಇತ್ತು. ನಾನೂ ಬಲಗೈಯಲ್ಲಿ ಕತ್ತಿ ಹಿಡಿದು ನೋಡಿದೆ. ಪ್ರತಿ ಹೊಡೆತಕ್ಕೂ ಅದೇ ಸದ್ದು. ಮನೆಯೊಳಗೆ ಕೇಳಿದಾಗ ಅದು ಸಹಿಸುವ ಹಾಗಿರಲಿಲ್ಲ.

"ಬೇರೆ ಕಾಯಿ ಹಾಕುವ ಅಮ್ಮ" ಎಂದೆ.

"ಬೇರೆ ಹಾಕ್ಲಿಕ್ಕಾಗುವುದಿಲ್ಲ" ಎಂದರು ಅಮ್ಮ. ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ, ದಣಿವು ಇತ್ತು. "ಕರೆದವರು ಬಂದಾಗಿದೆ. ಹಸಿದು ಕೂತಿದ್ದಾರೆ. ಅವರಿಗೆ ಎಂತದೋ ಒಂದು ಮಾತು ಬೇಕು." ಆಮೇಲೆ ತಮ್ಮನನ್ನು ನೋಡಿ, "ಆ ಮರ ಕಡಿಯುವವನಿಗೆ ನೀನು ಎಂತ ಹೇಳಿದೆ?" ಎಂದು ಕೇಳಿದರು. ಫೋನಿನ ವಿಷಯ ನಾವಿಬ್ಬರೂ ಅಮ್ಮನಿಗೆ ಹೇಳಿರಲಿಲ್ಲ.

ತಮ್ಮ ನನ್ನ ಕೈಯಿಂದ ಕಾಯಿ ತೆಗೆದುಕೊಂಡ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕುಳಿತ. ಅವನು ಮಾತಾಡಿದ್ದು ನಮ್ಮ ಹತ್ತಿರ ಅಲ್ಲ.

"ಒಮ್ಮೆ ರಿವರ್ಸ್ ತೆಗೆಯುವಾಗ ನಿಮಗೆ ಗುದ್ದಿದೆ. ಗಾಡಿಯಿಂದ ಇಳಿದು ತಪ್ಪಾಯ್ತು ಅಂದೆ, ಗೊತ್ತುಂಟಲ್ವಾ ನಿಮಗೆ? ಯಾರಾದ್ರೂ ನೋಡಿದ್ರೆ ಹುಚ್ಚ ಅಂತಿದ್ರು. ನನಗೆ ದಿನಾ ನಿಮ್ಮನ್ನು ನೋಡ್ಲಿಕ್ಕೆ ಆಗುವುದಿಲ್ಲ ಅಪ್ಪ. ನೆಟ್ಟವ ನಾನೇ. ಅದಕ್ಕೇ ಆಗುವುದಿಲ್ಲ." ಅವನು ಹೆಬ್ಬೆರಳಿನಿಂದ ಕಾಯಿಯ ಜುಟ್ಟು ಸವರಿದ. "ಆಯ್ತು. ಕಡಿಯುವುದಿಲ್ಲ. ಅಷ್ಟಮಿ ಕಳೆದ ಮೇಲೂ ಕಡಿಯುವುದಿಲ್ಲ."

ಕಾಯಿಯನ್ನು ಮೆಟ್ಟಿಲಿಗೆ ತಾಗಿಸಿದ. ಹೊಡೆದದ್ದಲ್ಲ, ನಿಜವಾಗಿಯೂ ತಾಗಿಸಿದ್ದಷ್ಟೇ. ಅದು ಸರಿಯಾಗಿ ಎರಡು ಹೋಳಾಗಿ ಅವನ ಎರಡು ಅಂಗೈಗಳಲ್ಲಿ ಕುಳಿತಿತು. ನೀರು ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಅಮ್ಮ ಎದ್ದು ಮಸಾಲೆ ಅರೆದರು. ಎಲೆ ಹಾಕಿ ಅನ್ನ, ಕೋಳಿ, ಮೀನು ಬಡಿಸಿದರು, ನೀರಿನ ಲೋಟವನ್ನು ಎಡಕ್ಕೆ ಇಟ್ಟರು. ಬಾಗಿಲು ಎಳೆದುಕೊಂಡು ಮೂವರೂ ಜಗಲಿಯಲ್ಲಿ ಕುಳಿತೆವು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ತಮ್ಮ ಮಂಡಿಗೆ ತಲೆ ಕೊಟ್ಟು ಅಳುತ್ತಿದ್ದ. ಅಮ್ಮ ಅವನ ಬೆನ್ನ ಮೇಲೆ ಕೈ ಇಟ್ಟಿದ್ದರು. ಇಬ್ಬರ ಮುಖದಲ್ಲೂ ಒಂದು ಸಮಾಧಾನ ಇತ್ತು.

ನನಗೆ ಸಮಾಧಾನವಾಗಲಿಲ್ಲ. ಹೆದರಿಕೆಯೂ ಆಗಲಿಲ್ಲ. ನನಗೆ ಆದದ್ದು ಹೊಟ್ಟೆಕಿಚ್ಚು. ಅಷ್ಟು ದೂರದಿಂದ ಬಂದು ಅಪ್ಪ ನನ್ನ ಕೈಯನ್ನು ತೆಗೆದುಕೊಂಡರು. ಹಾಲ್ ತುಂಬಿದ ಜನರೆದುರು ಅದರಲ್ಲಿ ಆಡಿದರು, ಗೆದ್ದರು. ಆದರೆ ಅವರಿಗೆ ಬೇಕಾದ ಮಾತು ತಮ್ಮನ ಬಾಯಿಯಿಂದಲೇ ಬರಬೇಕಿತ್ತು. ಮೆತ್ತಗಿನ ಕೈಯವಳ ಹತ್ತಿರ ಅವರು ಏನೂ ಕೇಳಲಿಲ್ಲ. ಮರಕ್ಕಾಗಿ ಗಂಟಲು ಹರಿದುಕೊಂಡವಳು ನಾನು.

ಬೆಳಿಗ್ಗೆ ಹೊರಡುವಾಗ ಮರದ ಬುಡದಲ್ಲಿ ನಿಂತು ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಬೈದೆ ಎಂದರೂ ಸರಿ. ಗಾಳಿ ಇರಲಿಲ್ಲ, ಗರಿ ಅಲ್ಲಾಡಲಿಲ್ಲ. ಗೇಟು ದಾಟಿ ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ತಮ್ಮ ಓಡಿ ಬಂದ. ಕೈಯಲ್ಲಿ ಒಂದು ಕಾಯಿ ಇತ್ತು.

"ನೀನು ಆಚೆ ಬಂದ ಕೂಡಲೇ ಬಿತ್ತು. ನೀನು ನಿಂತ ಜಾಗಕ್ಕೇ" ಎಂದ. ಸ್ವಲ್ಪ ಹಿಂಜರಿದು, "ನಿನಗೆ ಅಂತ ಕಾಣ್ತದೆ ಅಕ್ಕ" ಎಂದು ನನ್ನ ಕೈಗೆ ಕೊಟ್ಟ.

ಕಾಯಿಯನ್ನು ಮನೆಗೆ ತಂದು ಸುಲಿದೆ. ಈಗ ಅದು ನನ್ನ ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲಿದೆ. ಗಂಡ ಒಮ್ಮೆ ಚಟ್ನಿಗೆಂದು ಕೈ ಹಾಕಿ ನನ್ನಿಂದ ಬೈಸಿಕೊಂಡರು. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ತಟ್ಟಿ ನೋಡುತ್ತೇನೆ. ಸದ್ದು ಹಾಗೇ ಇದೆ. ಒಡೆಯುವ ಧೈರ್ಯ ನನಗಿಲ್ಲ. ಇದು ಒಡೆಯಬೇಕಾದರೆ ನಾನು ಯಾವ ಮಾತು ಹೇಳಬೇಕು ಎಂಬುದು ನನಗಿನ್ನೂ ತಿಳಿದಿಲ್ಲ.